ನಾಡಿ ಹಿಡಿದು ಅಳೆದ ಡಿ ಮೈನರ್

ಸಿಸ್ಟರ್: ದುಃಖ ಅಂತ ಬರೀಬೇಡಿ ಅಂದ್ರೆ ಬರೀಬೇಡಿ.

ಪಿಟೀಲಪ್ಪ: ಡಿ ಮೈನರ್ ಶ್ರುತಿ ಕಣೇ ಇದು. ಕೇಳಿ ನಗೋಕಾಗುತ್ತಾ?

ಸಿಸ್ಟರ್: ಹೋದ ತಿಂಗಳೂ ಡಿ ಮೈನರ್ರೇ. ಆಗ ಸಡಗರ ಅಂತ ಬರೆದಿದ್ದೀರಿ.

ಪಿಟೀಲಪ್ಪ: ಆಗ ತಪ್ಪಿದ್ದೆ. ಈಗ ತಿದ್ದಿದ್ದೀನಿ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರದು ಎರಡೂ ಮುಕ್ಕಾಲು ನಿಮಿಷದ ವಾದ್ಯವೃಂದದ ತುಣುಕೊಂದರ ಮೇಲೆ ಬೆಳಗಿನ ಒಂಬತ್ತಕ್ಕೇ ಶುರುವಾಗಿತ್ತು. ಗಂಡ ಮೂವತ್ತೈದು ವರ್ಷ ವಾದ್ಯವೃಂದದ ಎರಡನೇ ಸಾಲಿನಲ್ಲಿ ಕೂತು ಪಿಟೀಲು ನುಡಿಸಿದವನು. ಬೀದಿಯವರ ಬಾಯಲ್ಲಿ ಪಿಟೀಲಪ್ಪ. ಹೆಂಡತಿ ಅಷ್ಟೇ ವರ್ಷ ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಬೀದಿಗೆಲ್ಲ ಸಿಸ್ಟರ್, ಸಿಟ್ಟು ಬಂದಾಗ ಗಂಡನಿಗೂ ಸಿಸ್ಟರ್.

ನಿವೃತ್ತಿಯಾದ ಮೇಲೆ ಪಿಟೀಲಪ್ಪನಿಗೆ ಸಂಗೀತ ಭಂಡಾರದವರು ಒಂದು ಕೆಲಸ ಕೊಟ್ಟಿದ್ದರು. ಅವರು ಕಳಿಸುವ ಹಳೆಯ ರೆಕಾರ್ಡುಗಳನ್ನು ಕೇಳಿ ಒಂದೊಂದಕ್ಕೂ ಕಾರ್ಡು ಬರೆಯಬೇಕು: ಶ್ರುತಿ, ಗತಿ, ಭಾವ. ಅವರು ಕೈತಪ್ಪಿ ಒಂದೇ ರೆಕಾರ್ಡನ್ನು ಎರಡು ಸಲ ಕಳಿಸಿದರು, ಇವನು ಎರಡು ಸಲವೂ ಬರೆದ. ಇವತ್ತು ಎರಡು ಕಾರ್ಡೂ ಒಂದೇ ಪಿನ್ನಿಗೆ ಸಿಕ್ಕಿಕೊಂಡು ವಾಪಸು ಬಂದಿದ್ದವು. ಜೊತೆಗೆ "ಯಾವುದು ಸರಿ?" ಎಂಬ ಚೀಟಿ. ಹೋದ ತಿಂಗಳದ್ದರಲ್ಲಿ ಗತಿ ನಿಮಿಷಕ್ಕೆ ನೂರಾ ಎಂಟು ಪೆಟ್ಟು, ಭಾವ ಸಡಗರ. ಈ ತಿಂಗಳದ್ದರಲ್ಲಿ ಗತಿ ಎಪ್ಪತ್ತೆರಡು, ಭಾವ ದುಃಖ. ಶ್ರುತಿಯೊಂದೇ ಪಾಪ, ಎರಡರಲ್ಲೂ ಡಿ ಮೈನರ್ ಆಗಿ ನಿಂತಿತ್ತು.

ಸಿಸ್ಟರ್: ಭಾವ ಅತ್ಲಾಗಿರಲಿ. ನೂರಾ ಎಂಟು ಹೇಗೆ ಎಪ್ಪತ್ತೆರಡಾಯ್ತು? ಗತಿ ಅಳೆಯೋದು ಯಾವುದ್ರಲ್ಲಿ ನೀವು?

ಪಿಟೀಲಪ್ಪ: ಇದ್ರಲ್ಲಿ.

ಎಡಗೈ ಮುಂದೆ ಚಾಚಿ ಮಣಿಕಟ್ಟು ತೋರಿಸಿದ. ಅವನು ರೆಕಾರ್ಡು ಕೇಳುತ್ತಾ ನಾಡಿ ಹಿಡಿದು ಕೂರುವುದನ್ನು ಅವಳು ದಿನವೂ ನೋಡಿದ್ದಳು. ಅಂತೂ ತನ್ನ ಮಾತು ಕೇಳಿ ಆರೋಗ್ಯ ನೋಡಿಕೊಳ್ಳುತ್ತಿದ್ದಾನಲ್ಲ ಎಂದು ಒಳಗೊಳಗೇ ಹಿಗ್ಗಿದ್ದಳು ಕೂಡ. ಈಗ ಗೊತ್ತಾಯಿತು, ಹರೆಯದಲ್ಲಿ ವಾದ್ಯವೃಂದದ ಯಾರೋ ನಿರ್ದೇಶಕರು ಇವನ ನಾಡಿ ಹಿಡಿದು, ಸರಿಯಾಗಿ ಎಪ್ಪತ್ತೆರಡು, ನಿನಗೆ ಬೇರೆ ಯಂತ್ರವೇ ಬೇಡ ಎಂದಿದ್ದರಂತೆ. ಅವತ್ತಿನಿಂದ ಇವನ ತಾಳಯಂತ್ರ ಇದೇ.

ಸಿಸ್ಟರ್: ಅವರು ಹೇಳಿದ್ದು ಯಾವಾಗ?

ಪಿಟೀಲಪ್ಪ: ನಮ್ಮ ಮದುವೆಗೆ ಮುಂಚೆ.

ಸಿಸ್ಟರ್: ಆಮೇಲೆ ಅದು ಬದಲಾಗೇ ಇಲ್ವಾ?

ಪಿಟೀಲಪ್ಪ: ಬದಲಾಗೋಕೆ ಅದೇನು ಹವಾಮಾನವಾ?

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅವಳು ವಾದಕ್ಕೆ ಹೋಗಲಿಲ್ಲ. ಡ್ಯೂಟಿಯಲ್ಲಿ ಎದೆಗೆ ಚುಚ್ಚಿಕೊಳ್ಳುತ್ತಿದ್ದ ಗಡಿಯಾರವನ್ನು ಡ್ರಾಯರಿನಿಂದ ತೆಗೆದು, ರೆಕಾರ್ಡನ್ನು ಮೊದಲಿಂದ ಹಚ್ಚಿ, ತಾಳದ ಪೆಟ್ಟು ಎಣಿಸಿದಳು. ಆಮೇಲೆ ಅವನ ಮಣಿಕಟ್ಟು ಹಿಡಿದು ಎಣಿಸಿದಳು. ನಂಬಿಕೆ ಬರದೆ ಇನ್ನೊಂದು ಸಲ ಎಣಿಸಿದಳು.

ಪಿಟೀಲಪ್ಪ: ನೋಡಿದೆಯಾ, ಒಂದು ಪೆಟ್ಟಿಗೆ ಒಂದು ನಾಡಿ. ಎಪ್ಪತ್ತೆರಡು ಅಂದ್ರೆ ಎಪ್ಪತ್ತೆರಡು.

ಸಿಸ್ಟರ್: ತುಣುಕು ತೊಂಬತ್ತಾರು. ನೀವೂ ತೊಂಬತ್ತಾರು.

ಪಿಟೀಲಪ್ಪ: ಗಡಿಯಾರ ಹಳೇದು.

ಸಿಸ್ಟರ್: ಹೋದ ತಿಂಗಳು ನಿಮ್ಮ ನಾಡಿ ಅರವತ್ತನಾಲ್ಕಿತ್ತು. ಅದು ನಿಧಾನ, ಅದಕ್ಕೇ ತುಣುಕು ಓಡಿದ ಹಾಗೆ ಕಾಣ್ತು. ಈಗ ನೀವು ಓಡ್ತಿದ್ದೀರಿ, ತುಣುಕು ತೆವಳಿದ ಹಾಗೆ ಕಾಣ್ತಿದೆ. ನಾಡಿ ತಗ್ಗಿಸೋ ಮಾತ್ರೆ ಬಿಟ್ಟು ಎಷ್ಟು ದಿನ ಆಯ್ತು?

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಪಿಟೀಲಪ್ಪ ರೆಕಾರ್ಡಿನ ಮುಳ್ಳಿಗೆ ಧೂಳು ಹಿಡಿದಿದೆ ಎಂದ. ಕಿಟಕಿ ಮುಚ್ಚಬೇಕು ಎಂದ. ಕೊನೆಗೆ ಹನ್ನೆರಡು ದಿನ ಎಂದ. ದಿನಾ ಬೆಳಿಗ್ಗೆ ಅವಳು ಅಂಗೈಗೆ ಹಾಕಿದ ಮಾತ್ರೆಗಳೆಲ್ಲ ಪಿಟೀಲಿನ ಪೆಟ್ಟಿಗೆಯ ಮೂಲೆಯಲ್ಲಿ ಒಂದೂ ಒಡೆಯದೆ ಕೂತಿದ್ದವು.

ಸಿಸ್ಟರ್: ಈ ಎದೆ ಓಡಬಾರದು ಅಂತ ಡಾಕ್ಟ್ರು ಹೇಳಿದ್ದು ಮರೆತುಹೋಯ್ತಾ?

ಪಿಟೀಲಪ್ಪ: ಮರೆತಿಲ್ಲ. ಆದ್ರೆ ಆ ಮಾತ್ರೆ ನುಂಗಿದ್ರೆ ಎಲ್ಲಾ ತುಣುಕೂ ರೈಲು ಹಿಡಿಯೋಕೆ ಹೊರಟ ಹಾಗೆ ಓಡ್ತವೆ. ಶವಯಾತ್ರೆ ಸಂಗೀತಕ್ಕೆ ಉಲ್ಲಾಸ ಅಂತ ಬರೆದು ಕಳಿಸಿದ್ದೀನಿ. ಕೆಲಸಕ್ಕೆ ಮೋಸ ಮಾಡೋದು ನನ್ನ ಕೈಲಾಗಲ್ಲ.

ಸಿಸ್ಟರ್‌ಗೆ ಹೆದರಿಕೆಯಾಯಿತು. ವಾರ್ಡಿನಲ್ಲಿ ಇಂಥ ಕೈಗಳನ್ನು ಸಾವಿರ ಸಲ ಹಿಡಿದಿದ್ದಳು, ಹೀಗೆ ಆಗಿರಲಿಲ್ಲ. ಬೈಯಬೇಕೆಂದುಕೊಂಡವಳು ಎದ್ದು ಒಳಗೆ ಹೋದಳು. ಒಂದು ಮಾತ್ರೆ, ಒಂದು ಲೋಟ ನೀರು ತಂದು ಅವನ ಮುಂದಿಟ್ಟಳು. ಸಂಜೆ ಡಾಕ್ಟರ ಹತ್ತಿರ ಹೋಗುವುದೆಂದೂ, ಗತಿ ಅಳೆಯಲು ಈ ಗಡಿಯಾರ ಇಟ್ಟುಕೊಳ್ಳಬೇಕೆಂದೂ ಹೇಳಿದಳು. ಗಡಿಯಾರಕ್ಕೆ ಜೀವವಿಲ್ಲ, ಜೀವವಿಲ್ಲದ್ದಕ್ಕೆ ಸಂಗೀತದ ಗತಿ ಏನು ಗೊತ್ತು ಎಂದು ಅವನು ಮಾತ್ರೆಯನ್ನು ಆಚೆಗೆ ಸರಿಸಿದ.

ಸಿಸ್ಟರ್: ಜೀವ ಇರೋದೇ ಬೇಕಾದ್ರೆ ನನ್ನ ಕೈ ಹಿಡೀರಿ. ನನ್ನದು ಎಪ್ಪತ್ತೆರಡೇ. ಆಸ್ಪತ್ರೆಯಲ್ಲಿ ಎಷ್ಟು ಸಲ ನೋಡಿದ್ರೂ ಅಷ್ಟೇ.

ಇದು ಅವನಿಗೆ ನ್ಯಾಯವೆನಿಸಿತು. ರೆಕಾರ್ಡು ಮತ್ತೆ ಹಚ್ಚಿದ. ಅವಳ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಾ ಎಣಿಸಿದ.

ಪಿಟೀಲಪ್ಪ: ತುಣುಕು ಅರವತ್ತೇ ಬರ್ತಿದೆ ಕಣೇ. ನನ್ನ ಎಣಿಕೆಗಿಂತ್ಲೂ ನಿಧಾನ.

ತುಣುಕು ನಿಧಾನವಾಗಿ ಕಂಡರೆ ಓಡುತ್ತಿರುವುದು ನಾಡಿ ಎಂಬ ಪಾಠ ಅವನಿಗೆ ಆಗಿ ಹತ್ತು ನಿಮಿಷವೂ ಆಗಿರಲಿಲ್ಲ. ಕಣ್ಣು ಬಿಟ್ಟು ಅವಳ ಮುಖ ನೋಡಿದ. ಅಲ್ಲಿ ಸಿಟ್ಟು ಇರಲಿಲ್ಲ. ಸರಿಸಿಟ್ಟ ಮಾತ್ರೆಯನ್ನು ಹತ್ತಿರ ಎಳೆದು ನುಂಗಿದ, ನೀರನ್ನು ಪೂರ್ತಿ ಕುಡಿದ. ಆಮೇಲೆ ಎರಡು ಹಳೆಯ ಕಾರ್ಡುಗಳ ಮೇಲೂ ಗೀಟು ಎಳೆದು ಹೊಸದೊಂದು ತೆಗೆದುಕೊಂಡ. ಡಿ ಮೈನರ್ ಎಂದು ಬರೆದ. ಗಡಿಯಾರದ ಕಡೆ ನೋಡದೆ ತೊಂಬತ್ತಾರು ಎಂದು ಬರೆದ.

ಪಿಟೀಲಪ್ಪ: ಭಾವ ಏನಂತ ಹಾಕಲಿ?

ಸಿಸ್ಟರ್: ಖಾಲಿ ಬಿಡಿ. ನನ್ನ ನಾಡಿ ಎಪ್ಪತ್ತೆರಡಕ್ಕೆ ಬಂದ ಮೇಲೆ ಹೇಳ್ತೀನಿ.