ಸಂತೃಪ್ತಿನಗರಕ್ಕೆ ಸಕುಟುಂಬ ಸ್ಥಳಾಂತರ

ನಾರು ಪರೀಕ್ಷಾ ನಿಗಮದ ಗುಬ್ಬಿ ಶಾಖೆಯನ್ನು ತುಮಕೂರಿನ ಅಂತರಸನಹಳ್ಳಿ ಶಾಖೆಯೊಂದಿಗೆ ವಿಲೀನಗೊಳಿಸಿ ಆದೇಶ ಹೊರಟ ದಿನ, ಗುಬ್ಬಿ ಶಾಖೆಯಲ್ಲಿ ನಾಲ್ಕು ಕುರ್ಚಿ, ಎರಡು ಬೀರು ಮತ್ತು ಒಬ್ಬ ದ್ವಿತೀಯ ದರ್ಜೆ ಸಹಾಯಕರು ಚಾಲ್ತಿಯಲ್ಲಿದ್ದರು. ಕುರ್ಚಿ, ಬೀರುಗಳನ್ನು ಅಂದೇ ಟೆಂಪೋದಲ್ಲಿ ಸಾಗಿಸಲಾಯಿತು. ಸಹಾಯಕರಾದ ಶಿವಮೂರ್ತಿಯವರನ್ನು ಹಾಗೆ ಸಾಗಿಸುವಂತಿರಲಿಲ್ಲ. ಅವರಿಗೆ ಹೆಂಡತಿ ಪ್ರಮೀಳಾ, ಎಂಟನೇ ತರಗತಿಗೆ ಹೋಗಬೇಕಾಗಿದ್ದ ಮಗಳು ಹೇಮಶ್ರೀ ಮತ್ತು ಮಂಡಿನೋವಿನ ತಾಯಿ ಹನುಮಕ್ಕ ಇದ್ದರು. ಕುಟುಂಬವಿರುವ ನೌಕರರಿಗೆ ನಿಗಮದಲ್ಲಿ ಬೇರೆಯೇ ನಿಯಮಗಳಿದ್ದವು.

"ಇಲ್ಲಿಂದ ತುಮಕೂರೇನು ದೂರ್ವೇನ್ಲಾ ಮೂರ್ತಿ? ಬಸ್ಸಲ್ಲಿ ಹೋಗ್ಬಂದು ಮಾಡು, ಬುಡು" ಎಂದರು ಹನುಮಕ್ಕ.

ಅದು ಸಾಧ್ಯವಿರಲಿಲ್ಲ. ನೌಕರನು ಕೆಲಸ ಮಾಡುವ ಊರಿನಲ್ಲೇ ವಾಸವಿರತಕ್ಕದ್ದು. ವಾಸವಿರದಿದ್ದಲ್ಲಿ, ವಾಸವಿರುವುದಾಗಿ ಬರೆದುಕೊಡತಕ್ಕದ್ದು ಎಂದು ನಿಯಮವಿತ್ತು. ಬಹುಪಾಲು ನೌಕರರು ಬರೆದುಕೊಟ್ಟಿದ್ದರು. ಶಿವಮೂರ್ತಿ ಸುಳ್ಳು ಬರೆದುಕೊಡಲು ಹೆದರುವ ಮನುಷ್ಯ. ಈ ದೌರ್ಬಲ್ಯದ ಕಾರಣ ಅವರು ಗುಬ್ಬಿಯ ಮನೆಯನ್ನು ತಿಂಗಳ ಕೊನೆಗೆ ಬಿಡುವುದಾಗಿ ಮಾಲೀಕರಿಗೆ ಹೇಳಿ, ಒಂದು ಭಾನುವಾರ ಇಡೀ ಸಂಸಾರವನ್ನು ಕರೆದುಕೊಂಡು ತುಮಕೂರಿಗೆ ಮನೆ ನೋಡಲು ಹೋದರು.

ಬ್ರೋಕರ್ ಸಂಗಮೇಶ್ ಎರಡು ಮನೆ ತೋರಿಸಿದ. ಒಂದು ಹೊಂಗಿರಣ ಬಡಾವಣೆಯಲ್ಲಿ, ಇನ್ನೊಂದು ಅದರ ಪಕ್ಕದ ಕೆರೆಯಂಚು ಬಡಾವಣೆಯಲ್ಲಿ. ಎರಡರ ನಡುವೆ ಒಂದು ದೊಡ್ಡ ಮೋರಿ. ಅದರ ಮೇಲೆ ಸೇತುವೆ ಇಲ್ಲ. ಆ ದಡದಿಂದ ಕೊತ್ತಂಬರಿ ಸೊಪ್ಪು ಎಸೆದರೆ ಈ ದಡದವರು ಹಿಡಿಯಬಹುದು; ಆದರೆ ಕಾಲ್ನಡಿಗೆಯಲ್ಲಿ ಹೋಗುವವರು ಮುಖ್ಯರಸ್ತೆಗೆ ಬಂದು, ಲಾರಿಗಳ ನಡುವೆ ದಾಟಿ, ಒಂದೂವರೆ ಕಿಲೋಮೀಟರ್ ಸುತ್ತಬೇಕು.

ಹೊಂಗಿರಣದ ಮನೆಯ ಬೀದಿ ತುದಿಯಲ್ಲೇ ಒಳ್ಳೆಯ ಹೈಸ್ಕೂಲು ಇತ್ತು. ಆದರೆ ಮನೆ ಎರಡನೇ ಮಹಡಿಯಲ್ಲಿತ್ತು. ಹನುಮಕ್ಕ ಏಳು ಮೆಟ್ಟಿಲು ಹತ್ತಿ, ಎಂಟನೆಯದರ ಮೇಲೆ ಕೂತರು.

"ನನ್ನ ಒಂದ್ಸಲ ಮೇಲಕ್ಕೆ ಹತ್ಸುದ್ರೆ, ಆಮೇಲೆ ನಾಕ್ ಜನ ಹೊತ್ಕೊಂಡೇ ಇಳಿಸ್ಬೇಕು ಕಣ್ಲಾ."

ಕೆರೆಯಂಚಿನ ಮನೆ ನೆಲದ ಮೇಲೆಯೇ ಇತ್ತು. ಮುಂದೆ ಕಲ್ಲುಬೆಂಚು, ಅದರ ಮೇಲೆ ಅವರೆಕಾಯಿ ಸುಲಿಯುತ್ತ ಕೂತ ಮೂವರು ಹೆಂಗಸರು. ಹನುಮಕ್ಕ ಮನೆಯೊಳಗೆ ಹೋಗಲೇ ಇಲ್ಲ. ಹೆಂಗಸರ ಪಕ್ಕ ಕೂತು ಕಾಯಿ ಸುಲಿಯತೊಡಗಿದರು.

"ನೀರು ಹೆಂಗೆ?" ಎಂದು ಪ್ರಮೀಳಾ ಸಂಗಮೇಶನನ್ನು ಕೇಳಿದಳು.

"ನಾಲ್ಕು ದಿನಕ್ಕೊಂದ್ಸಲ ಗ್ಯಾರಂಟಿ ಅಕ್ಕ. ಗ್ಯಾರಂಟಿ ಅಂದ್ರೆ, ಬರೋ ಚಾನ್ಸ್ ಇರುತ್ತೆ."

"ನಾಯಿ?"

"ನಾಯಿ ಮಾತ್ರ ದಿನಾ ಇರ್ತವೆ."

ಗುಬ್ಬಿಗೆ ವಾಪಸು ಬರುವ ಬಸ್ಸಿನಲ್ಲಿ ಗಂಡ ಹೆಂಡತಿ ಎರಡೂ ಮನೆಗಳನ್ನು ಮನಸ್ಸಿನಲ್ಲೇ ತೂಗಿದರು. ಕೆರೆಯಂಚಿನಿಂದ ಆ ಹೈಸ್ಕೂಲಿಗೆ ಸೀಟು ಸಿಗುವುದು ಅನುಮಾನವಾಗಿತ್ತು, ಏಕೆಂದರೆ ಹತ್ತಿರದವರಿಗೆ ಮೊದಲ ಆದ್ಯತೆ. ನಡುದಾರಿಯ ಹಳ್ಳಿಯೊಂದರ ಪ್ರಯಾಣಿಕರು ಗಲಾಟೆ ಮಾಡಿಕೊಂಡು ಹತ್ತಿ ಕೂತಾದ ಮೇಲೆ ಪ್ರಮೀಳಾ ಹೇಳಿದಳು: "ಕೆರೆಯಂಚೇ ಆಗ್ಲಿ ಕಣ್ರೀ. ಮಗಳ್ನ ರಸ್ತೆ ದಾಟಿಸ್ತೀನಿ. ಅತ್ತೇನ ಮೆಟ್ಲು ಹತ್ಸೋಕೆ ನನ್ ಕೈಲಾಗಲ್ಲ. ಸ್ಕೂಲಿಗೆ ಕೈ ಮುಗಿದು ಕೇಳೋಣ."

ಶಿವಮೂರ್ತಿ ಒಪ್ಪಿದರು. ಒಂದು ಕುಟುಂಬ ತನ್ನ ಕಷ್ಟಸುಖ ಅಳೆದು ತೂಗಿ, ಎಲ್ಲಿ ಬಾಳಬೇಕೆಂದು ತಾನೇ ತೀರ್ಮಾನಿಸಿತ್ತು. ನಿಗಮದ ದೃಷ್ಟಿಯಲ್ಲಿ ಇದು ಅಕ್ರಮ.

ಸೋಮವಾರ ಅಂತರಸನಹಳ್ಳಿ ಕಚೇರಿಯ ಸೂಪರಿಂಟೆಂಡೆಂಟ್ ಲಕ್ಷ್ಮೀನರಸಿಂಹಯ್ಯನವರು ಇದನ್ನು ಶಾಂತವಾಗಿ ವಿವರಿಸಿದರು.

"ನೀವೇ ಆರಿಸ್ಕೊಂಡು ಬಂದ್ರೆ ಹೆಂಗ್ರೀ? ನಾಳೆ ಯಾರಾದ್ರೂ, ನಿಮಗೆ ಇಷ್ಟವಾದ ಕಡೆ ನೀವು ಮನೆ ಮಾಡಿದೀರಿ ಅಂತ ಅರ್ಜಿ ಹಾಕಿದ್ರೆ?"

ಸಕುಟುಂಬ ವಾಸಸ್ಥಳ ಆಯ್ಕೆ ಪಾರದರ್ಶಕತಾ ನಿಯಮಗಳ ಪ್ರಕಾರ, ನೌಕರರು ಕನಿಷ್ಠ ಮೂರು ಬಡಾವಣೆಗಳ ತುಲನಾತ್ಮಕ ಪಟ್ಟಿ ಸಲ್ಲಿಸಬೇಕು. ಬಾಡಿಗೆ, ನೀರು, ನಾಯಿ, ಗದ್ದಲ, ನೆರೆಹೊರೆ, ಶಾಲೆಗೆ ದೂರ ಮುಂತಾದ ಅಂಶಗಳಲ್ಲಿ ಅತಿ ಕಡಿಮೆ ತೊಂದರೆ ನಮೂದಾದ ಬಡಾವಣೆಯನ್ನು ಸಮಿತಿ ಅನುಮೋದಿಸುತ್ತದೆ. ಅನುಮೋದನೆ ಇಲ್ಲದೆ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ.

"ಸಾರ್, ನಮಗೆ ಸಿಕ್ಕಿದ್ದು ಎರಡೇ ಬಡಾವಣೆ."

"ಮೂರು ಬೇಕಲ್ಲ."

"ಮೂರನೇದು ಎಲ್ಲಿಂದ ತರ್ಲಿ ಸಾರ್? ಇಪ್ಪತ್ತೈದನೇ ತಾರೀಕು ಆಗ್ಲೇ ಬಂತು."

ಲಕ್ಷ್ಮೀನರಸಿಂಹಯ್ಯನವರು ಕರುಣೆಯುಳ್ಳವರು. ಮೇಜಿನ ಡ್ರಾಯರಿನಿಂದ ಫಾರಂ ತೆಗೆದು ತಮ್ಮ ಪೆನ್ನಿನಿಂದಲೇ ಮೂರನೇ ಕಲಂ ಮೇಲೆ 'ಸಂತೃಪ್ತಿನಗರ' ಎಂದು ಬರೆದರು.

"ಇದು ಎಲ್ಲಿದೆ ಸಾರ್?"

"ಎಲ್ಲೂ ಇಲ್ಲ. ಇದು ಗೆಲ್ಲೋದಕ್ಕಲ್ಲ ಕಣ್ರೀ, ಸೋಲೋದಕ್ಕೆ. ಮೂರನೇದು ಯಾವಾಗ್ಲೂ ಸೋಲೋದಕ್ಕೇ ಇರೋದು. ಸಹಿ ಮಾಡಿ."

ಇಲ್ಲದ ಊರಿನ ಬಗ್ಗೆ ಏನೂ ಬರೆಯಲು ಶಿವಮೂರ್ತಿಗೆ ಮನಸ್ಸು ಬರಲಿಲ್ಲ. ಆ ಕಲಂ ಪೂರ್ತಿ ಖಾಲಿ ಬಿಟ್ಟು ಸಹಿ ಹಾಕಿದರು. ಫಾರಂ ಕಂಪ್ಯೂಟರಿಗೆ ಹೋಯಿತು. ಕಂಪ್ಯೂಟರು ಖಾಲಿ ಜಾಗಗಳನ್ನು ಬಿಡುವ ಸ್ವಭಾವದ್ದಲ್ಲ. ಎಲ್ಲ ಕಡೆ ಸೊನ್ನೆ ತುಂಬಿಕೊಂಡಿತು.

ಬುಧವಾರ ಸಮಿತಿ ಸೇರಿತು. ಅಧ್ಯಕ್ಷರಾದ ಉಪವ್ಯವಸ್ಥಾಪಕಿ ಉಮಾಮಹೇಶ್ವರಿಯವರು ಫಲಿತಾಂಶ ಓದಿದರು.

"ನೀರಿನ ತೊಂದರೆ ಸೊನ್ನೆ, ನಾಯಿ ಸೊನ್ನೆ, ಗದ್ದಲ ಸೊನ್ನೆ, ನೆರೆಹೊರೆಯ ಕಿರಿಕಿರಿ ಸೊನ್ನೆ, ಶಾಲೆಗೆ ದೂರ ಸೊನ್ನೆ, ಬಾಡಿಗೆ ಸೊನ್ನೆ. ಸಂತೃಪ್ತಿನಗರ ಅವಿರೋಧವಾಗಿ ಆಯ್ಕೆಯಾಗಿದೆ. ಇಂಥ ಬಡಾವಣೆ ನನ್ನ ಸರ್ವಿಸ್‌ನಲ್ಲೇ ನೋಡಿಲ್ಲ. ಅಭಿನಂದನೆ."

ಶಿವಮೂರ್ತಿ ಎದ್ದು ನಿಂತರು. "ಮೇಡಂ, ಕ್ಷಮಿಸಿ. ಆ ಬಡಾವಣೆ ಇಲ್ಲ."

"ಇಲ್ಲ ಅಂದ್ರೆ?"

"ಇಲ್ಲವೇ ಇಲ್ಲ ಮೇಡಂ."

ಉಮಾಮಹೇಶ್ವರಿಯವರು ಫಾರಂ ತಿರುಗಿಸಿ ತೋರಿಸಿದರು. "ಈ ಸಹಿ ನಿಮ್ಮದಾ?"

"ಹೌದು."

"ಇಲ್ಲದ ಬಡಾವಣೇನ ಇದೆ ಅಂತ ಸಹಿ ಮಾಡಿದ್ರೆ ಅಮಾನತು. ಇರೋ ಬಡಾವಣೆ ಅನುಮೋದನೆ ಆಗಿದ್ರೆ ನಾಳೆಯಿಂದ ಹಾಜರಿ. ಯಾವುದು ಅಂತ ನೀವೇ ಹೇಳಿ. ಒತ್ತಾಯ ಇಲ್ಲ."

ಶಿವಮೂರ್ತಿ ಲಕ್ಷ್ಮೀನರಸಿಂಹಯ್ಯನವರ ಕಡೆ ನೋಡಿದರು. ಅವರು ಫ್ಯಾನಿನ ಕಡೆ ನೋಡುತ್ತಿದ್ದರು. ಶಿವಮೂರ್ತಿಯ ಕಣ್ಣ ಮುಂದೆ ಮಗಳ ಸ್ಕೂಲು, ತಾಯಿಯ ಮಾತ್ರೆ ಎಲ್ಲ ಬಂದು ಹೋದವು.

"ಇದೆ ಮೇಡಂ" ಎಂದರು.

ಮರುದಿನ ಅವರ ಹೆಸರು ಹಾಜರಿ ಪುಸ್ತಕಕ್ಕೆ ಏರಿತು. ಸಾಮಾನು ತುಂಬಿದ ಟೆಂಪೋ ಕೆರೆಯಂಚು ಬಡಾವಣೆಯ ಮನೆ ಮುಂದೆ ನಿಂತಿತು. ವಿಷಯ ಕೇಳಿದ ಪ್ರಮೀಳಾ ಪಾತ್ರೆಯ ಮೂಟೆಯನ್ನು ನೆಲಕ್ಕೆ ಕುಕ್ಕಿದಳು.

"ಬಾಡಿಗೆ ಸೊನ್ನೆ ಅಂದ್ರೆ, ಸಂಬಳದ ಜೊತೆ ಬಾಡಿಗೆ ಭತ್ಯೆ?"

"ಅದೂ ಸೊನ್ನೆ."

"ಅಂದ್ರೆ ಇರೋ ಮನೆಗೆ ನಾವು ಬಾಡಿಗೆ ಕಟ್ಕೊಂಡು, ಇಲ್ಲದ ಮನೇಲಿ ಇರ್ಬೇಕಾ?" ಅವಳಿಗೆ ಸಿಟ್ಟು ಬಂತು, ಆಮೇಲೆ ಅಳು ಬಂತು, ಆಮೇಲೆ ನಲ್ಲಿಯಲ್ಲಿ ನೀರು ಬಂತು. ನಾಲ್ಕು ದಿನಕ್ಕೊಮ್ಮೆ ಬರುವ ನೀರಾದ್ದರಿಂದ ಅಳುವನ್ನು ಅಲ್ಲಿಗೇ ನಿಲ್ಲಿಸಿ ಬಿಂದಿಗೆ ಹಿಡಿದಳು.

ಹದಿನೈದು ದಿನದ ಮೇಲೆ ಸ್ಥಳಪರಿಶೀಲನೆಗೆ ನಿಗಮದ ಇನ್‌ಸ್ಪೆಕ್ಟರ್ ವೆಂಕಟಯ್ಯ ಬಂದರು. ನೌಕರನು ಅನುಮೋದಿತ ಬಡಾವಣೆಯಲ್ಲಿ ಕುಟುಂಬಸಮೇತ ಇದ್ದಾನೆಯೇ ಎಂದು ನೋಡುವುದು ಅವರ ಕೆಲಸ. ಅರ್ಧ ದಿನ ಬಿಸಿಲಲ್ಲಿ ಸಂತೃಪ್ತಿನಗರ ಹುಡುಕಿ ಸುಸ್ತಾಗಿ, ಕಲ್ಲುಬೆಂಚಿನ ಮೇಲಿದ್ದ ಹನುಮಕ್ಕನವರನ್ನು ನೀರು ಕೇಳಿದರು. ಹನುಮಕ್ಕ ಒಳಗೆ ಕರೆದು ಮಜ್ಜಿಗೆ ಕೊಟ್ಟರು. ರಾಗಿಮುದ್ದೆ ಊಟವೂ ಆಯಿತು. ಊಟದ ನಡುವೆ, ತಾವು ಹುಡುಕುತ್ತಿರುವುದು ಈ ಸಂಸಾರವನ್ನೇ ಎಂದು ಅವರಿಗೆ ತಿಳಿಯಿತು.

ಬಡಿಸುತ್ತಿದ್ದ ಪ್ರಮೀಳಾ ಸೌಟು ಕೆಳಗಿಟ್ಟಳು. "ಅಣ್ಣಾ, ನಮ್ಮೆಜಮಾನ್ರ ಕೆಲ್ಸಕ್ಕೆ ಏನಾದ್ರೂ..."

"ಊಟ ಹಾಕಿದ ಮನೆ ಕಣಮ್ಮ. ನಾನು ಸುಳ್ಳೂ ಬರೆಯಲ್ಲ, ಕೇಡೂ ಬರೆಯಲ್ಲ."

ವರದಿಯಲ್ಲಿ ಅವರು ಬರೆದದ್ದು ಇಷ್ಟು: 'ಸಂತೃಪ್ತಿನಗರಕ್ಕೆ ಭೇಟಿ ನೀಡಲಾಯಿತು. ಭೇಟಿಯ ವೇಳೆ ಕುಟುಂಬವು ಮನೆಯಲ್ಲಿರಲಿಲ್ಲ. ಬಾಗಿಲಿಗೆ ಬೀಗವೂ ಇರಲಿಲ್ಲ. ಬಾಗಿಲೂ ಕಂಡುಬರಲಿಲ್ಲ. ಬೀದಿಗಳು ಸ್ವಚ್ಛವಾಗಿವೆ. ನಿವಾಸಿಗಳಿಂದ ಯಾವುದೇ ದೂರು ಸ್ವೀಕೃತವಾಗಿಲ್ಲ.'

ಉಮಾಮಹೇಶ್ವರಿಯವರು ವರದಿಯನ್ನು ಒಪ್ಪಿ, ಬಾಗಿಲಿಗೆ ಬೀಗ ಹಾಕದೆ ಹೊರಹೋಗುವುದು ಕ್ಷೇಮವಲ್ಲವೆಂದು ಶಿವಮೂರ್ತಿಗೆ ಎಚ್ಚರಿಕೆಯ ಪತ್ರ ಕಳಿಸಿದರು.

ಅಷ್ಟರಲ್ಲಿ ಹೇಮಶ್ರೀಯ ಸ್ಕೂಲಿನ ಸರದಿ ಬಂತು. ಕೆರೆಯಂಚಿನ ಮಕ್ಕಳ ಅರ್ಜಿಗಳೆಲ್ಲ ದೂರದ ಕಾರಣಕ್ಕೆ ವಾಪಸಾಗುತ್ತಿದ್ದವು. ಶಿವಮೂರ್ತಿಯ ಬಳಿ ತುಮಕೂರಿನ ವಿಳಾಸಕ್ಕೆ ಇದ್ದ ಏಕೈಕ ದಾಖಲೆ ನಿಗಮದ ಅನುಮೋದನಾ ಪತ್ರ. ಅಳುಕುತ್ತಲೇ ಅದನ್ನು ಲಗತ್ತಿಸಿದರು. ಪ್ರವೇಶ ವಿಭಾಗದ ಗುಮಾಸ್ತೆ ಓದಿ ಕನ್ನಡಕ ಏರಿಸಿದಳು.

"ಶಾಲೆಗೆ ದೂರ ಸೊನ್ನೆ ಅಂತ ಇದೆಯಲ್ಲ?"

"ಮೊಹರು ಬಿದ್ದಿದೆ ಮೇಡಂ" ಎಂದರು ಶಿವಮೂರ್ತಿ. ಅದು ಸುಳ್ಳಲ್ಲ.

"ಇನ್ನೂ ಹತ್ತಿರದವ್ರು ಯಾರೂ ಇರೋಕೆ ಸಾಧ್ಯವಿಲ್ಲ" ಎಂದು ಗುಮಾಸ್ತೆ ಹೇಮಶ್ರೀಯ ಹೆಸರನ್ನು ಪಟ್ಟಿಯ ಮೊದಲ ಸ್ಥಾನದಲ್ಲಿ ಬರೆದಳು. ಶಾಲೆಯೆದುರು ಮನೆಯಿದ್ದವರೊಬ್ಬರ ಮಗ ಎರಡನೇ ಸ್ಥಾನಕ್ಕೆ ಇಳಿದ.

ಅಂದು ಸಂಜೆ ಹೇಮಶ್ರೀ ತಂದೆಯನ್ನು ಕೇಳಿದಳು. "ಅಪ್ಪ, ಸ್ಕೂಲಲ್ಲಿ ನಿಮ್ಮನೆ ಎಲ್ಲಿ ಅಂದ್ರೆ ಏನ್ ಹೇಳ್ಲಿ?"

ಉತ್ತರ ಕೊಟ್ಟವಳು ಪ್ರಮೀಳಾ. "ಪತ್ರದಲ್ಲಿ ಏನಿದ್ಯೋ ಅದನ್ನೇ ಹೇಳು. ಸೀಟು ಕೊಟ್ಟಿದ್ದು ಅದೇ ತಾನೇ."

ಸುದ್ದಿ ಅವರೆಕಾಯಿಯ ಹೆಂಗಸರಿಂದ ಇಡೀ ಕೆರೆಯಂಚಿಗೆ ಹಬ್ಬಿತು. ಮೊದಲು ಮೂರು ಸಂಸಾರ, ಆಮೇಲೆ ಹನ್ನೊಂದು, ದಸರಾ ವೇಳೆಗೆ ಅರವತ್ತು ಸಂಸಾರಗಳು ತಾವು ಸಂತೃಪ್ತಿನಗರದ ನಿವಾಸಿಗಳೆಂದು ದೃಢೀಕರಿಸುವಂತೆ ನಿಗಮಕ್ಕೆ ಅರ್ಜಿ ಹಾಕಿದವು. ನಿಗಮ ಪರೀಕ್ಷಿಸಬೇಕಾದದ್ದು ತೆಂಗಿನ ನಾರನ್ನು. ಆದರೆ ಅರ್ಜಿ ಬಂದ ಮೇಲೆ ವಿಲೇವಾರಿ ಮಾಡಲೇಬೇಕು. ಲಕ್ಷ್ಮೀನರಸಿಂಹಯ್ಯನವರು ಇದಕ್ಕೆಂದೇ ಒಂದು ಕೌಂಟರ್ ತೆರೆದು, ಅರ್ಜಿದಾರರಿಗೆ ಮೂರು ಪ್ರತಿ ತರುವಂತೆ ಫಲಕ ಹಾಕಿದರು. ಬ್ರೋಕರ್ ಸಂಗಮೇಶ್ ಸಂತೃಪ್ತಿನಗರದ ಸೈಟುಗಳನ್ನು ತೋರಿಸತೊಡಗಿದ. ಮೋರಿಯ ದಂಡೆಯಲ್ಲಿ ಗಿರಾಕಿಗಳನ್ನು ನಿಲ್ಲಿಸಿ, ಗಾಳಿಯಲ್ಲಿ ಬೆರಳಾಡಿಸಿ, "ಇದು ಕಾರ್ನರ್ ಸೈಟು ಸಾರ್, ಪೂರ್ವದ ಬಾಗಿಲು" ಎನ್ನುತ್ತಿದ್ದ. ವಾಸ್ತು ನೋಡುವವರು ಬಂದು ನೋಡಿ, ದೋಷವೇ ಇಲ್ಲವೆಂದರು.

ಹೊಂಗಿರಣದವರು ಮಾತ್ರ ತಕರಾರು ತೆಗೆದರು. ಸಂತೃಪ್ತಿನಗರ ತಮ್ಮ ಕಡೆಯ ಮೋರಿಯ ಗೋಡೆಯನ್ನು ಒತ್ತುವರಿ ಮಾಡಿದೆ ಎಂಬುದು ಅವರ ದೂರು. ಜಂಟಿ ಸರ್ವೆ ನಡೆಯಿತು. ಸಂತೃಪ್ತಿನಗರದ ಉದ್ದ ಅಗಲ ಎರಡೂ ಸೊನ್ನೆಯಾದ್ದರಿಂದ ಒತ್ತುವರಿ ಸಾಬೀತಾಗಲಿಲ್ಲ. ರಾಜಿಯಾಗಿ, ಹೊಂಗಿರಣದ ಇಪ್ಪತ್ತು ಸಂಸಾರಗಳಿಗೂ ಅಲ್ಲಿ ಜಾಗ ಕೊಡಲಾಯಿತು.

ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘ ರಚನೆಯಾದಾಗ ಶಿವಮೂರ್ತಿಯವರನ್ನು ಮೂಲನಿವಾಸಿ ಎಂಬ ಗೌರವದಿಂದ ಕಾರ್ಯದರ್ಶಿ ಮಾಡಿದರು. ಅವರು ಮೊದಮೊದಲು ಸಭೆಯಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದರು. ನಾಲ್ಕನೇ ಸಭೆಯಲ್ಲಿ ಯಾರೋ ಬೀದಿದೀಪದ ವಿಷಯ ಎತ್ತಿದಾಗ, ತಮಗೇ ತಿಳಿಯದಂತೆ ಎದ್ದು, "ನಮ್ಮ ನಗರದಲ್ಲಿ ಇವತ್ತಿನವರೆಗೆ ಒಂದು ಬಲ್ಬೂ ಸುಟ್ಟಿಲ್ಲ" ಎಂದರು. ಚಪ್ಪಾಳೆ ಬಿತ್ತು. ಆ ರಾತ್ರಿ ಅವರಿಗೆ ಬಹಳ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಬಂತು.

ಹೋದ ತಿಂಗಳು ಹನುಮಕ್ಕ ತಂಗಿಯನ್ನು ನೋಡಲು ಕುಣಿಗಲ್ ಬಸ್ಸು ಹತ್ತಿದರು. ಪಕ್ಕದಲ್ಲಿ ಕೂತ ಹೆಂಗಸು ಮಾತಿಗೆಳೆದಳು.

"ತುಮಕೂರಲ್ಲಿ ನಿಮ್ದೆಲ್ಲಿ ಆಯ್ತವ್ವ?"

"ಸಂತೃಪ್ತಿನಗರ."

"ಅಯ್ಯೋ, ಪುಣ್ಯವಂತ್ರು! ನಮ್ ಹುಡುಗುಂಗೆ ಹಿರೇಹಳ್ಳಿ ಫ್ಯಾಕ್ಟ್ರೀಲಿ ಕೆಲ್ಸ ಆಗೈತೆ. ಹೆಂಡ್ತಿ ಮಕ್ಳು ಕರ್ಕೊಂಡು ನಿಮ್ ಸಂತೃಪ್ತಿನಗರಕ್ಕೇ ಹೋಗ್ಬೇಕು ಅಂತವ್ನೆ. ನೀರು ಹೆಂಗೆ?"

"ನೀರಿನ ತಾಪತ್ರಯ ಇಲ್ಲ."

"ಅಕ್ಕಪಕ್ಕದ ಜನ?"

"ಜನ್ರ ತಾಪತ್ರಯಾನೂ ಇಲ್ಲ."

"ಒಂದು ಮನೆ ಖಾಲಿ ಇದ್ರೆ ಹೇಳವ್ವ, ನಿನ್ ಹೊಟ್ಟೆ ತಣ್ಣಗಿರ್ಲಿ."

ಹನುಮಕ್ಕ ಎಲೆಗೆ ಸುಣ್ಣ ಹಚ್ಚಿ ಮಡಿಚಿದರು.

"ಎಲ್ಲಾ ಖಾಲೀನೇ ಅವೆ ಕಣವ್ವ. ಆದ್ರೆ ಸಿಗಾಕಿಲ್ಲ."

ಆ ಹೆಂಗಸು ಅರ್ಥವಾಯಿತೆಂಬಂತೆ ತಲೆಯಾಡಿಸಿ, ಇವತ್ತೇ ಅರ್ಜಿ ಹಾಕೆಂದು ಮಗನಿಗೆ ಫೋನು ಮಾಡಿದಳು.