ರೇಣುಕಯ್ಯನವರು ಕಾಲೇಜಿನ ಹಿತ್ತಲು ನೋಡಿದ್ದು

ಶಿರಾದ ಆ ಕಾಲೇಜಿನವರು ತಮ್ಮ ಬಣ್ಣಬಣ್ಣದ ಪುಸ್ತಕದಲ್ಲಿ 'ನಮ್ಮಲ್ಲಿನ ಸಾಮಾಜಿಕ ವಾತಾವರಣ ಅತ್ಯುತ್ತಮ' ಎಂದು ಅಚ್ಚು ಹಾಕಿಸಿಕೊಂಡಿದ್ದೇ ತಡ, ರೇಣುಕಯ್ಯನವರ ಪಿತ್ತ ನೆತ್ತಿಗೇರಿತು.

"ಅವರದ್ನ ಅವರೇ ಬರ್ಕೊಂಡ್ರೆ ಆಗೋಯ್ತೇನೇ?" ಎಂದು ಹೆಂಡತಿ ಪುಷ್ಪಾವತಿಯ ಮೇಲೆ ಹರಿಹಾಯ್ದರು. "ನಮ್ಮುಡುಗ ಕುಡೀತಾನೆ ಅಂತ ಯಾವ ಗಂಡಿನ ಕಡೆಯೋರು ಲಗ್ನಪತ್ರಿಕೇಲಿ ಹಾಕ್ಸವ್ರೆ, ಹೇಳು."

"ಕಾಲೇಜಿಗೆ ಸೇರ್ಸಕ್ಕೆ ಹೊಂಟಿರೋದು ಕಣ್ರೀ. ಧಾರೆ ಎರೆಯಕ್ಕಲ್ಲ."

"ಎಲ್ಡೂ ಒಂದೇ. ಮಗಳನ್ನ ಅಲ್ಲಿ ಬುಟ್ಟು ನಾವು ಬರಿಗೈಲಿ ಬರೋದು ತಾನೆ?"

ಕೊರಟಗೆರೆಯಲ್ಲಿ ರೇಣುಕಯ್ಯನವರಿಗೆ ಪಾತ್ರೆ ಅಂಗಡಿ ಇದೆಯಾದರೂ, ಅವರ ಕೀರ್ತಿ ಹಬ್ಬಿರುವುದು ಪಾತ್ರೆಯಿಂದಲ್ಲ, ಮನೆ ನೋಡುವುದರಿಂದ. ನೆಂಟರಿಷ್ಟರಲ್ಲಿ ಯಾರೇ ಹೆಣ್ಣು ಕೊಡುವುದಿದ್ದರೂ ಗಂಡಿನ ಮನೆ ನೋಡಿ ಬರಲು ಇವರೇ ಆಗಬೇಕು. ಮುಂಬಾಗಿಲಿಂದ ಹೋಗುವ ಪದ್ಧತಿಯೇ ಅವರಲ್ಲಿಲ್ಲ. ಹೇಳದೆ ಕೇಳದೆ ಹಿತ್ತಲಿಗೆ ನುಗ್ಗಿ, ಬಚ್ಚಲು ನೋಡಿ, ಒಣಹಾಕಿದ ಬಟ್ಟೆ ನೋಡಿ, ಕೊನೆಗೆ ಮುಸುರೆ ಬಾನಿಯೊಳಗೆ ಇಣುಕುತ್ತಾರೆ. ಬಾನಿಯಲ್ಲಿ ಅನ್ನ ಕಂಡರೆ ಆ ಮನೆಯ ಸೊಸೆ ಸರಿಯಾಗಿ ಉಣ್ಣುತ್ತಿಲ್ಲವೆಂದು ಅರ್ಥ. ಈ ಮಹಾಶಾಸ್ತ್ರದ ಬಲದಿಂದ ಅವರು ಈವರೆಗೆ ಮೂವತ್ತೊಂದು ಮನೆ ನೋಡಿ ಇಪ್ಪತ್ತಾರು ಸಂಬಂಧ ಮುರಿದಿದ್ದಾರೆ. (ಉಳಿದ ಐದು ಮನೆಗಳಿಗೆ ಹಿತ್ತಲೇ ಇರಲಿಲ್ಲ.)

ಈಗ ಸ್ವಂತ ಮಗಳ ಸರದಿ. ಭುವನಾಗೆ ರೇಷ್ಮೆ ವಿಷಯ ತೆಗೆದುಕೊಂಡು ಬಿ.ಎಸ್ಸಿ. ಓದುವ ಆಸೆ. ಅದಿರುವುದು ಶಿರಾದ ಕಾಲೇಜಿನಲ್ಲಿ. ರೇಣುಕಯ್ಯನವರಿಗೋ, ಅವಳು ಕೊರಟಗೆರೆಯಲ್ಲೇ ಓದಿ, ಮಧ್ಯಾಹ್ನ ಮನೆಗೆ ಬಂದು ಬಿಸಿ ಮುದ್ದೆ ಉಂಡು ಹೋಗಲಿ ಎಂಬಾಸೆ. "ವಾತಾವರಣ ನೋಡ್ತೀನಿ, ಸರಿಯಿಲ್ದಿದ್ರೆ ವಾಪಸ್" ಎಂಬ ಕರಾರಿನ ಮೇಲೆ, ಸೇರಿಸಿಕೊಳ್ಳುವ ಕೊನೆಯ ದಿನ ಮೂವರೂ ಮಧುಗಿರಿ ಮೇಲೆ ಹಾದು ಶಿರಾಕ್ಕೆ ಹೋಗುವ ಬಸ್ಸು ಹತ್ತಿದರು. ಸರಿಯಿರುವುದಿಲ್ಲ ಎಂಬುದನ್ನು ರೇಣುಕಯ್ಯನವರು ಮಧುಗಿರಿ ದಾಟುವ ಮೊದಲೇ ತೀರ್ಮಾನಿಸಿಯಾಗಿತ್ತು.

ತಾಯಿ ಮಗಳು ಆಫೀಸಿಗೆ ಹೋದರು. ರೇಣುಕಯ್ಯನವರು ನಿಯಮದಂತೆ ಅಕ್ಕಪಕ್ಕದವರಿಂದ ವಿಚಾರಣೆ ಆರಂಭಿಸಿದರು. ಗೇಟಿನೆದುರು ಟೀ ಅಂಗಡಿಯ ಕೆಂಚಮ್ಮನನ್ನು ಕೇಳಿದರು: "ಹೆಂಗಮ್ಮ ಇಲ್ಲಿ ಹುಡುಗ್ರು?"

"ಒಳ್ಳೇವು ಕಣಣ್ಣ."

"ಎಲ್ಲಾರೂ?"

"ಎಲ್ಲಾರೂವೆ."

ರೇಣುಕಯ್ಯನವರಿಗೆ ಮೈಯೆಲ್ಲ ಉರಿದುಹೋಯಿತು. ಎಲ್ಲರೂ ಒಳ್ಳೆಯವರಾಗಿರುವ ಜಾಗ ಭೂಮಂಡಲದಲ್ಲಿ ಎಲ್ಲಿದೆ? ಈಕೆಗೆ ಯಾರೋ ಹೇಳಿಕೊಟ್ಟಿದ್ದಾರೆ. ಒಳಗೆ ಹೋದರೆ, ಹೊಂಗೆ ಮರದಡಿ ಹುಡುಗರೂ ಹುಡುಗಿಯರೂ ಒಂದೇ ಪೊಟ್ಟಣದಿಂದ ಮಂಡಕ್ಕಿ ತಿನ್ನುತ್ತ ನಗುತ್ತಿದ್ದರು. ಕಾಲೇಜಿನಲ್ಲಿ ನಗುವಂಥದ್ದೇನಿದೆ? ಲೈಬ್ರರಿಯಲ್ಲಿ ಯಾರೂ ನಗುತ್ತಿರಲಿಲ್ಲ. ಅದಂತೂ ಇನ್ನೂ ಅನುಮಾನಾಸ್ಪದವಾಗಿತ್ತು. ಹುಡುಗನೊಬ್ಬ ಎದ್ದು ನಿಂತು "ಕೂತ್ಕೊಳಿ ಅಂಕಲ್" ಎಂದು ಕುರ್ಚಿ ಬಿಟ್ಟುಕೊಟ್ಟ. ಇಷ್ಟೊಂದು ಮರ್ಯಾದೆ ಕಲಿತವನು ಏನೋ ಮುಚ್ಚಿಡುತ್ತಿರಬೇಕು ಎಂದುಕೊಂಡು ಕೂರದೆ ಹೊರಬಂದರು. ಎಲ್ಲಿ ನೋಡಿದರೂ ಮುಂಬಾಗಿಲ ನಾಟಕ. ಇನ್ನು ಹಿತ್ತಲೇ ಗತಿ.

ಹೆಣ್ಣುಮಕ್ಕಳ ಹಾಸ್ಟೆಲಿನ ಹಿಂದಿನ ಗೋಡೆಯಲ್ಲಿ ಒಂದು ಒಡಕಿತ್ತು. ರೇಣುಕಯ್ಯನವರು ಹೊಟ್ಟೆಯನ್ನು ಒಳಗೆಳೆದುಕೊಂಡು (ಎಳೆದಷ್ಟೂ ಹೊರಗೆ ಉಳಿಯುವ ಹೊಟ್ಟೆ ಅದು) ಹೇಗೋ ನುಸುಳಿದರು. ಅಡುಗೆಮನೆ ಹಿಂದೆ ಮುಸುರೆ ಡ್ರಮ್ಮು ಕಂಡಿತು. ಮುಚ್ಚಳ ತೆಗೆದು ಬಗ್ಗಿದರು. ಒಂದಿಷ್ಟು ಕರಿಬೇವು, ಎರಡು ಮೆಣಸಿನಕಾಯಿ ತೊಟ್ಟು. ಅನ್ನದ ಅಗುಳೂ ಇಲ್ಲ. ಊಟ ರುಚಿಯಾಗಿದೆಯೋ ಅಥವಾ ಊಟವನ್ನೇ ಹಾಕುವುದಿಲ್ಲವೋ ಎಂದು ಅವರು ತರ್ಕಿಸುತ್ತಿದ್ದಾಗ, ಹಿಂದಿನಿಂದ ಒದ್ದೆ ಬೆಡ್‌ಶೀಟೊಂದು ಅವರ ತಲೆಯ ಮೇಲೆ ಬಿತ್ತು.

"ಬಿಗಿಯಾಗಿ ಹಿಡ್ಕೊಳೇ, ವಯಸ್ಸಾಗದೆ ಅಂತ ನೋಡ್ಬ್ಯಾಡ" ಎಂದಿತು ಒಂದು ಹೆಣ್ಣು ದನಿ. ಇನ್ನೊಂದು ದನಿ ವಾಚ್‌ಮನ್ ರಂಗರಾಜುವನ್ನು ಕೂಗಿತು. ಬೆಡ್‌ಶೀಟು ಬಿಚ್ಚುವಷ್ಟರಲ್ಲಿ ರಂಗರಾಜುವಿನ ಕೈ ಅವರ ರಟ್ಟೆಯ ಮೇಲಿತ್ತು.

"ಯಾವೋನ್ಲಾ ನೀನು? ನಡಿ ಮೇಡಮ್ಮೋರತ್ರಕೆ."

ಕೊರಟಗೆರೆ ಪೇಟೆಯಲ್ಲಿ ಯಾರೂ ರೇಣುಕಯ್ಯನವರನ್ನು 'ಲಾ' ಅಂದಿರಲಿಲ್ಲ. ಅವರು ಸಿಟ್ಟಿನಿಂದ ಕುದಿಯುತ್ತ ವಾರ್ಡನ್ ಸಿದ್ದಗಂಗಮ್ಮನವರ ಕೋಣೆಯ ಬಾಗಿಲಿಗೆ ಬಂದು ನಿಂತಾಗ, ಒಳಗೆ ಪುಷ್ಪಾವತಿ ಮತ್ತು ಭುವನಾ ಕುಳಿತಿದ್ದರು.

"ಉಳಿದಿರೋದು ಒಂದೇ ಮಂಚ," ವಾರ್ಡನ್ ಹೇಳುತ್ತಿದ್ದರು. "ಹುಡುಗಿ ಬಗ್ಗೆ ನಂಗೆ ಯೋಚನೆ ಇಲ್ಲ. ಅಪ್ಪಂದಿರದೇ ಕಾಟ. ಹೋದ ವರ್ಷ ಒಬ್ಬ ವಾರವಾರ ಬಂದು ಅಡುಗೆಮನೆಗೆ ನುಗ್ಗೋನು. ಟ್ರಂಕ್ ಸಮೇತ ಮಗಳನ್ನ ವಾಪಸ್ ಕಳಿಸ್ದೆ. ನಿಮ್ಮ ಯಜಮಾನ್ರು ಹೆಂಗೆ?"

"ಅಯ್ಯೋ, ಅವರು ಯಾರ ಉಸಾಬರಿಗೂ ಹೋಗೋರಲ್ಲ ಬುಡಿ ಮೇಡಂ," ಎಂದರು ಪುಷ್ಪಾವತಿ. "ತಾವಾಯ್ತು, ತಮ್ಮ ಅಂಗಡಿಯಾಯ್ತು."

ಆಗಲೇ ರಂಗರಾಜು ಇವರನ್ನು ಒಳಗೆ ತಳ್ಳಿದ್ದು. "ಹಿತ್ಲಲ್ಲಿ ಮುಸುರೆ ಡ್ರಮ್ಮೊಳಕ್ಕೆ ತಲೆ ಹಾಕ್ಕೊಂಡು ನಿಂತಿದ್ದ ಮೇಡಂ."

ವಾರ್ಡನ್ ರೇಣುಕಯ್ಯನವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪುಷ್ಪಾವತಿಯತ್ತ ತಿರುಗಿದರು. "ನಿಮಗೇನಾದ್ರೂ ಗೊತ್ತಾ ಈ ವ್ಯಕ್ತಿ?"

ಪುಷ್ಪಾವತಿ ಗಂಡನತ್ತ ಕಣ್ಣು ಹಾಯಿಸಿದರು. "ಕಾಣೆ ಮೇಡಂ. ಬಸ್ಸಲ್ಲಿ ಹಿಂದುಗಡೆ ಸೀಟಲ್ಲಿ ಕುಂತಿದ್ದಂಗಿತ್ತು."

ಇಪ್ಪತ್ತೆರಡು ವರ್ಷದ ಸಂಸಾರ ಹಿಂದಿನ ಸೀಟಿಗೆ ಹೋಗಿ ಕುಳಿತಿತು. 'ನಾನು ಇವಳ ಅಪ್ಪ' ಎಂದರೆ ಸಾಕು, ಮಂಚ ಹೋಯಿತು, ಶಿರಾ ಹೋಯಿತು, ಮಗಳು ಸಂಜೆಯ ಬಸ್ಸಿಗೆ ಕೊರಟಗೆರೆಗೆ ವಾಪಸ್. ಅವರಿಗೆ ಬೇಕಾಗಿದ್ದದ್ದೂ ಅದೇ. ರೇಣುಕಯ್ಯನವರು ಬಾಯಿ ತೆರೆದರು. ಭುವನಾ ಅವರ ಮುಖ ನೋಡಲಿಲ್ಲ, ಬೇಡಲೂ ಇಲ್ಲ. ತಲೆ ತಗ್ಗಿಸಿ, ಆಸೆ ಬಿಟ್ಟವಳಂತೆ ಅರ್ಜಿ ಫಾರಮ್ಮನ್ನು ಮೆಲ್ಲನೆ ಮಡಚತೊಡಗಿದಳು. ಅದನ್ನು ನೋಡುತ್ತ ನಿಂತವರಿಗೆ ವಿಚಾರವೊಂದು ಹೊಳೆಯಿತು. ಇಪ್ಪತ್ತಾರು ಹಿತ್ತಲು ಸುತ್ತಿದ್ದಾರೆ, ಒಬ್ಬರಾದರೂ 'ಯಾರು ನೀನು' ಎಂದು ಕೇಳಿದ್ದುಂಟೇ? ಇಲ್ಲಿ ಎರಡು ನಿಮಿಷದಲ್ಲಿ ಇಬ್ಬರು ಹುಡುಗಿಯರು ಅವರನ್ನು ಮೂಟೆ ಕಟ್ಟಿದ್ದರು. ಹೆಣ್ಣು ಕೊಟ್ಟರೆ ಇಂಥ ಕಡೆ ಕೊಡಬೇಕು.

"ತಪ್ಪಾಯ್ತು ತಾಯಿ," ಎಂದರು ರೇಣುಕಯ್ಯನವರು, ಬಟ್ಟೆಯಿಂದ ನೀರು ತೊಟ್ಟಿಕ್ಕಿಸುತ್ತ. "ಹಳೇ ಪಾತ್ರೆ ಏನಾರ ಇದ್ರೆ ಕೊಂಡ್ಕೊಳಾನ ಅಂತ ಬಂದೆ."

ವಾರ್ಡನ್ ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡರು. ಗೇಟಿಗೆ ಅಂಟಿಸಲು ರಂಗರಾಜುವಿಗೆ ಅಪ್ಪಣೆಯಾಯಿತು.

"ಒಳ್ಳೇದು ಮಾಡಿದ್ರಿ ಮೇಡಂ," ಎಂದರು ಪುಷ್ಪಾವತಿ. "ಇಂಥೋರ್ನ ಒಳೀಕೆ ಬುಟ್ಕೋಬಾರದು."

ವಾಪಸ್ ಬಸ್ಸಿನಲ್ಲಿ ಕಳ್ಳಂಬೆಳ್ಳದ ಅಕ್ಕನ ಮನೆಯ ಸುದ್ದಿ ಎತ್ತಿ ಮಾತು ಮರೆಸಲು ಪುಷ್ಪಾವತಿ ನೋಡಿದರು. ರೇಣುಕಯ್ಯನವರು ಬಿಡಲಿಲ್ಲ. "ಅಷ್ಟು ಸಲೀಸಾಗಿ ಕಾಣೆ ಅಂದ್ಬುಟ್ಟೆಯಲ್ಲೇ, ಒಂಚೂರಾದ್ರೂ ತಡವರಿಸ್ಬಾರ್ದಾ?"

"ಇಪ್ಪತ್ತೆರಡು ವರ್ಷದಿಂದ್ಲೂ ಆ ಮಾತು ಬಾಯಿಗೆ ಬರ್ತಾನೇ ಇತ್ತು ಕಣ್ರೀ. ಇವತ್ತು ಉಪಯೋಗಕ್ಕೆ ಬಂತು."

ಭುವನಾ ಹಾಸ್ಟೆಲು ಸೇರುವ ದಿನ ರೇಣುಕಯ್ಯನವರು ಟ್ರಂಕನ್ನು ಬಸ್ ಸ್ಟ್ಯಾಂಡಿನಿಂದ ಹೊತ್ತು ತಂದು ರಸ್ತೆಯ ಈಚೆಗೇ ಇಳಿಸಬೇಕಾಯಿತು. ಗೇಟಿನ ಮೇಲೆ 'ಹಳೇ ಪಾತ್ರೆಯವನು, ಒಳಗೆ ಬಿಡಬಾರದು' ಎಂಬ ಬರಹದ ಸಮೇತ ಅವರ ಫೋಟೊ ಇತ್ತು. ಬಾಯಿ ತೆರೆದಿತ್ತು, ಒಂದು ಕಣ್ಣು ಮುಚ್ಚಿತ್ತು. ಕಳ್ಳರ ಫೋಟೊವನ್ನಾದರೂ ಇದಕ್ಕಿಂತ ಚೆನ್ನಾಗಿ ತೆಗೆಯುತ್ತಾರೆ ಎಂದು ಅವರಿಗೆ ಕೆಂಡಾಮಂಡಲ ಕೋಪ ಬಂತು. ಅತ್ತ ಗೇಟಿನಲ್ಲಿ ನಿಂತಿದ್ದ ವಾರ್ಡನ್ ಪುಷ್ಪಾವತಿಗೆ ಹೇಳುತ್ತಿದ್ದುದು ರಸ್ತೆಯಾಚೆಗೂ ಕೇಳಿಸಿತು.

"ಇವತ್ತೂ ಯಜಮಾನ್ರು ಬರ್ಲಿಲ್ವಾ? ಎಂಥಾ ದೊಡ್ಡ ಮನುಷ್ಯರು. ಎಲ್ಲಾ ಅಪ್ಪಂದಿರೂ ಹಿಂಗೇ ಇದ್ರೆ ನಂಗೆ ತಲೆನೋವೇ ಇರಲ್ಲ."

ಕೆಂಚಮ್ಮ ಗುರುತು ಹಿಡಿದುಬಿಟ್ಟಳು. "ಓ, ಫೋಟೋದಾಗಿರೋ ಪಾತ್ರೆಯಣ್ಣ. ಅವತ್ತೇ ಹೇಳಬಾರ್ದಾ?" ಎನ್ನುತ್ತ ಒಳಗಿನಿಂದ ತೂತು ಬಿದ್ದ ಅಲ್ಯುಮಿನಿಯಂ ಕೆಟಲೊಂದನ್ನು ತಂದು ಅವರ ಕೈಗಿಟ್ಟಳು. "ನೋಡಿ ಏನು ಕೊಡ್ತೀಯೋ ಕೊಡಣ್ಣ."

ರೇಣುಕಯ್ಯನವರು ಕೆಟಲು ಹಿಡಿದು ನಿಂತರು. ಅಷ್ಟರಲ್ಲಿ ಭುವನಾ ಗೇಟಿನೊಳಗೆ ಕಾಲಿಟ್ಟು, ನಿಂತು, ತಿರುಗಿ ರಸ್ತೆಯಾಚೆ ನೋಡಿದಳು. ಅವಳ ಕಣ್ಣು ತುಂಬಿತ್ತು. ಕೈ ಬೀಸುವಂತಿರಲಿಲ್ಲ, ವಾರ್ಡನ್ ಪಕ್ಕದಲ್ಲೇ ಇದ್ದರು. ರೇಣುಕಯ್ಯನವರು ತೂತು ನೋಡುವವರಂತೆ ಕೆಟಲನ್ನು ತಲೆಯ ಮಟ್ಟಕ್ಕೆ ಎತ್ತಿ, ಅವಳು ಮರೆಯಾಗುವವರೆಗೂ ಹಾಗೆಯೇ ಹಿಡಿದುಕೊಂಡರು.

"ಏಯ್, ಹೆಣ್ಮಕ್ಕಳ ಕಡೆ ಏನ್ಲಾ ನೋಟ? ನಿನ್ ಯಾಪಾರ ನೋಡ್ಕೊ," ಎಂದು ಗೇಟಿನಿಂದ ರಂಗರಾಜು ಗದರಿದ.

ರೇಣುಕಯ್ಯನವರು ಕಣ್ಣೊರೆಸಿಕೊಂಡು ಕೆಂಚಮ್ಮನ ಜೊತೆ ಚೌಕಾಸಿಗೆ ನಿಂತರು.