ಜ್ವರಕ್ಕೆ ಕೂತ ನಗರ

ಎಲ್ಲ ಅನಾಹುತಕ್ಕೂ ಕಾರಣ ಒಂದು ಹಾಳೆ. ರಾತ್ರಿ ಅದನ್ನು ಸುರುಳಿ ಸುತ್ತಿ ಅಟ್ಟದ ಮೇಲಿಟ್ಟು ಕೊಂಡಪ್ಪ ನಿಶ್ಚಿಂತೆಯಿಂದ ಮಲಗಿದ್ದ. ಬೆಳಗ್ಗೆ ಎದ್ದು ಕೈಹಾಕಿದರೆ ಅಟ್ಟ ಬರಿದು.

ಶಿಡ್ಲಘಟ್ಟದ ಪುರಸಭೆಯಲ್ಲಿ ಚರಂಡಿಗಳ ನಕ್ಷೆ ಬರೆಯುವುದು ಕೊಂಡಪ್ಪನ ಕೆಲಸ. ಕೈ ಚರಂಡಿ ಬರೆಯುತ್ತಿದ್ದರೂ ಇಪ್ಪತ್ನಾಲ್ಕರ ಹರೆಯದ ಮನಸ್ಸು ಬೊಂಬಾಯಿಯ ಸಮುದ್ರದ ದಂಡೆಯಲ್ಲಿ ತಿರುಗಾಡುತ್ತಿತ್ತು. ಅಂಥವನಿಗೆ ೧೯೬೧ರಲ್ಲಿ ಪತ್ರಿಕೆಯೊಂದರಲ್ಲಿ ಪ್ರಕಟಣೆ ಕಂಡಿತು. ನಗರಗಳ ವಿನ್ಯಾಸದಲ್ಲಿ ಆಸಕ್ತಿಯಿರುವ ಹೊಸಬರಿಗೆ ಬೆಂಗಳೂರಿನ ಸಂಸ್ಥೆಯೊಂದು ಒಂದು ವರ್ಷ ಸಹಾಯಧನ ಕೊಡುತ್ತದಂತೆ. ನಿಮ್ಮ ಊರು ಹೇಗಿರಬೇಕೆಂದು ನಕ್ಷೆ ಬರೆದು ಕಳಿಸಿ. ಗೆದ್ದವರು ಯಾವ ಊರಿನಲ್ಲಿ ಅಧ್ಯಯನ ಮಾಡಬೇಕೆಂಬುದನ್ನು ಸಮಿತಿ ತಿಳಿಸುತ್ತದೆ. ಸಮಿತಿ ಅಂದಮೇಲೆ ಬೊಂಬಾಯಿಗಿಂತ ಕಡಿಮೆ ಊರು ಹೇಳುವುದುಂಟೇ?

ಎರಡು ತಿಂಗಳು ಕೂತು ಬರೆದ. ಅಗಲವಾದ ನೇರ ರಸ್ತೆ, ಎರಡೂ ಕಡೆ ಹೊಂಗೆಯ ಸಾಲು, ನಡುವೆ ದುಂಡನೆಯ ಕೊಳ, ಕೊಳದ ಸುತ್ತ ಕಲ್ಲಿನ ಬೆಂಚು. ಬರೆಯುತ್ತ ಬರೆಯುತ್ತ ತಾನೇ ಆ ಹೊಂಗೆಯ ನೆರಳಿಗೆ ಇಳಿದುಬಿಡುತ್ತಿದ್ದ. ಹೂವು ಉದುರುತ್ತಿತ್ತು, ಗಾಳಿ ತಣ್ಣಗಿತ್ತು. ಎಷ್ಟು ದೂರ ನಡೆದರೂ ಎದುರಿಗೆ ಒಬ್ಬರೂ ಸಿಗುತ್ತಿರಲಿಲ್ಲ. ಅವನ ನಗರದಲ್ಲಿ ಜನರೇ ಇರಲಿಲ್ಲ. ಅದು ಅಷ್ಟು ಚೆಂದವಾಗಿದ್ದುದು ಅದಕ್ಕೇ.

ಅದನ್ನು ಕಳಿಸಲು ಇವತ್ತೇ ಕೊನೆಯ ದಿನ. ಸಂಜೆ ನಾಲ್ಕಕ್ಕೆ ಟಪಾಲಿನ ಚೀಲ ಬಸ್ ಹತ್ತುತ್ತದೆ.

"ಅಶ್ವತ್ಥಮ್ಮನವ್ರೇ, ಅಟ್ಟದ ಮೇಲೊಂದು ಹಾಳೆ ಇತ್ತಲ್ಲ?"

ಮನೆಯ ಒಡತಿ ಅಶ್ವತ್ಥಮ್ಮ ಬಾಯಿಗೆ ಬೆರಳಿಟ್ಟಳು. "ಮೆಲ್ಲಗೆ ಮಾತಾಡು ನಾಯನಾ. ಹುಳ ಜ್ವರಕ್ಕೆ ಕೂತವೆ. ಹಳೇ ಪೇಪರ್ ಮುಗಿದೋಗಿತ್ತು. ನಿನ್ನ ಹಾಳೆಯಾಗೆ ಬರೀ ಗೆರೆ ಇತ್ತಾ, ಬ್ಯಾಡದ್ದು ಅಂದ್ಕೊಂಡು ತಟ್ಟೆಗೆ ಹಾಸ್ದೆ."

ಕೊಂಡಪ್ಪ ಓಡಿ ನೋಡಿದ. ಬಿದಿರಿನ ತಟ್ಟೆಯ ತುಂಬ ಎಳೆಯ ರೇಷ್ಮೆ ಹುಳುಗಳು ತಲೆಯೆತ್ತಿ, ಧ್ಯಾನಕ್ಕೆ ಕೂತಂತೆ ಅಲುಗಾಡದೆ ಕೂತಿದ್ದವು. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ ಹೀಗೆ ಕೂರುವುದಕ್ಕೆ ಜ್ವರ ಎನ್ನುತ್ತಾರೆ. ಆಗ ಕದಲಿಸಿದರೆ ಹುಳು ಹೋಯಿತು, ಬೆಳೆಯೂ ಹೋಯಿತು. ಅವುಗಳ ಅಡಿಯಲ್ಲಿ ಅವನ ನಗರ ಬೋರಲಾಗಿ ಮಲಗಿತ್ತು.

"ಯಾವಾಗ ಏಳ್ತವೆ?"

"ಸಂಜೆಗೆ ಏಳ್ತವಪ್ಪ. ಅಷ್ಟೊತ್ತು ಈ ಮನೇಲಿ ಮೇಜು ಗೀಜು ಎಳೀಬ್ಯಾಡ."

ಅತ್ತುಬಿಡಬೇಕು ಅನ್ನಿಸಿತು. ಉಳಿದಿದ್ದ ಒಂದೇ ಒಂದು ಖಾಲಿ ಹಾಳೆ ಹಿಡಿದು ಬೀದಿಯ ಜಗಲಿಗೆ ಬಂದು ಕೂತ. ನೆನಪಿನಿಂದಲೇ ಮತ್ತೆ ಬರೆಯುವುದು, ಬೇರೆ ದಾರಿಯಿಲ್ಲ. ಆದರೆ ಜಗಲಿಯಲ್ಲಿ ಕೂತು ಬರೆಯುವವನನ್ನು ನೋಡಿ ಸುಮ್ಮನೆ ಹೋಗುವ ಜನ ಶಿಡ್ಲಘಟ್ಟದಲ್ಲಿ ಇನ್ನೂ ಹುಟ್ಟಿಲ್ಲ.

ಮೊದಲು ಬಂದವನು ಪಕ್ಕದ ಮನೆಯ ಮುನಿಗಂಗಪ್ಪ, ಹಿಪ್ಪುನೇರಳೆ ಸೊಪ್ಪಿನ ವ್ಯಾಪಾರಿ. ಬಗ್ಗಿ ನೋಡಿ ಬೆಚ್ಚಿದ.

"ಏಮಯ್ಯಾ, ಈ ರಸ್ತೆ ನನ್ನ ಗಾಡಿ ಕೊಟ್ಟಿಗೆ ಮ್ಯಾಲೆ ಹೋಗ್ತದಲ್ಲ! ಸರ್ಕಾರದ ಹುಕುಮಾ?"

"ಇದು ಬರೀ ಕಲ್ಪನೆ, ಗಂಗಪ್ಪನವ್ರೇ."

"ಕಲ್ಪನೆ ಆದ್ರೇನು, ಕೊಟ್ಟಿಗೆ ನಂದೇ ತಾನೆ? ವಸಿ ಸೊಟ್ಟ ಮಾಡು." ಹೇಳಿದವನು ಹೋಗಲಿಲ್ಲ, ಕೊಂಡಪ್ಪನ ಮೊಣಕೈ ಹಿಡಿದುಕೊಂಡೇ ನಿಂತ. ರಸ್ತೆ ಸೊಟ್ಟಗಾಯಿತು.

ಎದುರುಮನೆಯ ವೆಂಕಟರತ್ನಮ್ಮ ಕೊಡ ಕಂಕುಳಲ್ಲಿಟ್ಟುಕೊಂಡೇ ಬಂದಳು. "ಕೊಳ ಯಾಕೆ? ಸೊಳ್ಳೆ ಸಾಕಕ್ಕಾ? ಅಲ್ಲಿ ನಲ್ಲಿ ಹಾಕು. ನಮ್ಮನೆ ಮುಂದೆ ಬ್ಯಾಡ, ದಿನಾ ಜಗಳ ಆಗ್ತದೆ. ಆದ್ರೆ ನಮ್ಮ ಕಿಟಕಿಗೆ ಕಾಣಂಗಿರ್ಲಿ."

ಅಶ್ವತ್ಥಮ್ಮ ಒಳಗಿಂದಲೇ ಪಿಸುಗುಟ್ಟಿದಳು. "ಹೊಂಗೆ ಮರ ಯಾಕಪ್ಪ? ಹಿಪ್ಪುನೇರಳೆ ಹಾಕು, ಹುಳಕ್ಕಾದ್ರೂ ಆಗ್ತದೆ."

ವಾದಕ್ಕೆ ಪುರುಸೊತ್ತಿರಲಿಲ್ಲ. ವಾದ ಮಾಡಿದಾಗಲೆಲ್ಲ ಯಾರಾದರೊಬ್ಬರು ಮೊಣಕೈ ಅಲ್ಲಾಡಿಸುತ್ತಿದ್ದರು. ಮೂರು ಗಂಟೆಯ ಹೊತ್ತಿಗೆ ನಕ್ಷೆಯ ಕಲ್ಲಿನ ಬೆಂಚಿನ ಮೇಲೆ ಯಾರೋ ರೇಷ್ಮೆ ಗೂಡು ಒಣಹಾಕಿಸಿದ್ದರು, ಇನ್ಯಾರೋ ಎಮ್ಮೆಗೆ ನೆರಳು ಕೇಳಿ ಪಡೆದಿದ್ದರು. ಕೊಂಡಪ್ಪನಿಗೆ ಮಾನ ಹೋದಂತಾಯಿತು. ಈ ಅವತಾರ ತನ್ನ ತಲೆಯಿಂದ ಬಂದದ್ದಲ್ಲವೆಂದು ಸಮಿತಿಗೆ ಗೊತ್ತಾಗಲಿ ಎಂದು ಅಂಚಿನಲ್ಲಿ ಒಂದೊಂದಕ್ಕೂ ಕಾರಣ ಬರೆದ. ರಸ್ತೆ ಸೊಟ್ಟ, ಮುನಿಗಂಗಪ್ಪನವರ ಮಾತಿಗೆ. ನಲ್ಲಿ, ವೆಂಕಟರತ್ನಮ್ಮನವರ ಕಿಟಕಿಗೆ ಕಾಣುವಂತೆ.

ಓಡಿ ಹೋಗಿ ಟಪಾಲಿಗೆ ಹಾಕಿದ. ಏದುಸಿರು ಬಿಡುತ್ತ ವಾಪಸು ಬಂದರೆ ಅಶ್ವತ್ಥಮ್ಮ ಬಾಗಿಲಲ್ಲೇ ನಗುತ್ತ ನಿಂತಿದ್ದಳು.

"ನೀನು ಹಿಂಗೆ ಹೋದೆ, ಹುಳ ಹಂಗೆ ಎದ್ದವು ನಾಯನಾ! ತಗೋ ನಿನ್ನ ಹಾಳೆ."

ಗೆರೆ ಕೆಳಗಾಗಿ ಹಾಸಿದ್ದರಿಂದ ನಗರಕ್ಕೆ ಒಂದು ಕಲೆಯೂ ಹತ್ತಿರಲಿಲ್ಲ. ಹೊಂಗೆಯ ಸಾಲು, ಕೊಳ, ಬೆಂಚು ಎಲ್ಲವೂ ಇದ್ದಲ್ಲೇ ಇದ್ದವು. ಬಸ್ಸು ಮಾತ್ರ ಹೋಗಿತ್ತು.

ಆಸೆ ಬಿಟ್ಟು ಕೂತಿದ್ದವನಿಗೆ ತಿಂಗಳ ಮೇಲೆ ಕಾಗದ ಬಂತು. ಅವನು ಗೆದ್ದಿದ್ದ! ಬೀದಿಯವರೆಲ್ಲ ಸೇರಿದರು. ಕೊಂಡಪ್ಪ ಗಟ್ಟಿಯಾಗಿ ಓದಿದ. "ಬಂದ ನಕ್ಷೆಗಳಲ್ಲೆಲ್ಲ ಮನುಷ್ಯರು ವಾಸವಾಗಿರುವ ಊರು ನಿಮ್ಮದೊಂದೇ. ಸಮಿತಿಗೆ ಬಹಳ ಸಂತೋಷವಾಗಿದೆ. ಅಧ್ಯಯನದ ಸ್ಥಳ: ಶಿಡ್ಲಘಟ್ಟ. ಪ್ರತಿ ಮನೆಗೂ ಹೋಗಿ, ಪ್ರತಿಯೊಬ್ಬರ ಸಲಹೆಯನ್ನೂ ಪೂರ್ತಿಯಾಗಿ ಕೇಳಿ ಬರೆದುಕೊಳ್ಳುವುದು. ಒಂದು ವರ್ಷ ಊರು ಬಿಟ್ಟು ಹೋಗಕೂಡದು."

"ಮೊದ್ಲು ನಮ್ಮನೆಗೆ ಬಾರಪ್ಪ," ಎಂದ ಮುನಿಗಂಗಪ್ಪ. "ಹೇಳಾದು ಇನ್ನೂ ಬಾಳ ಐತೆ."

ಬೊಂಬಾಯಿಯ ಸಮುದ್ರ ನಿಧಾನವಾಗಿ ಹಿಂದಕ್ಕೆ ಸರಿಯಿತು. ಹಿಂದಿನಿಂದ ಅಶ್ವತ್ಥಮ್ಮ ಮೆಲ್ಲಗೆ ಕೇಳಿದಳು. "ಹೊಸ ಹುಳ ತಂದಿವ್ನಿ ಕಣಪ್ಪ. ಆ ಗೆರೆ ಹಾಳೆ ಇನ್ನೂ ಐತಾ?"

ಕೊಂಡಪ್ಪ ತಾನೇ ಹೋಗಿ ಹಾಳೆಯನ್ನು ತಟ್ಟೆಗೆ ಹಾಸಿದ, ಈ ಸಲ ಗೆರೆ ಮೇಲೆ ಮಾಡಿ. ಆ ಹೊಂಗೆಯ ನೆರಳಿನಲ್ಲಿ ಹುಳುಗಳಾದರೂ ನಾಲ್ಕು ದಿನ ನೆಮ್ಮದಿಯಾಗಿರಲಿ ಎಂದುಕೊಂಡು, ಹೊಸ ಪೆನ್ಸಿಲು ಕೆತ್ತಿಕೊಂಡು, ಮುನಿಗಂಗಪ್ಪನ ಮನೆಯತ್ತ ನಡೆದ.